ಕಣ್ಣು ನನ್ನದು, ಗಂಟಲು ಅವಳದು

ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು ಎಂದು ಇಂಟರ್ನೆಟ್ಟಿನಲ್ಲಿ ಕೇಳಿ ನೋಡಿ, ಮದುವೆಗೆ ಗಂಡು ತೋರಿಸುವ ಸೋದರತ್ತೆಯರ ಹಾಗೆ ಎಲ್ಲರೂ ಮೈಮೇಲೆ ಬೀಳುತ್ತಾರೆ. ಒಬ್ಬ ಪೈಥಾನ್ ಅನ್ನುತ್ತಾನೆ, ಇನ್ನೊಬ್ಬ ರಸ್ಟ್ ಅನ್ನುತ್ತಾನೆ, ಮೂರನೆಯವನು ಇಬ್ಬರಿಗೂ ಬುದ್ಧಿ ಇಲ್ಲ ಅನ್ನುತ್ತಾನೆ. ಓಪನ್ ಸೋರ್ಸ್ ಕೆಲಸ, ಅಂದರೆ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಪುಕ್ಕಟೆ ಸಾಫ್ಟ್‌ವೇರಿನ ಕೆಲಸ ಮಾಡಬೇಕೆಂದು ನಾನೂ ನನ್ನ ಗೆಳತಿಯೂ ಹಟ ಹಿಡಿದಾಗ, ನಾನು ಇಂಥವರ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆ.

ನಾನು ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ, ಅವಳು ಸಿಂಧನೂರಿನಲ್ಲಿ. ನಡುವೆ ಮಸ್ಕಿ. ಐತವಾರ ಇಬ್ಬರೂ ಬಸ್ಸು ಹತ್ತಿ ಅಲ್ಲಿಗೆ ಬಂದು, ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದು ಪ್ಲೇಟು ಮಿರ್ಚಿ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ಬಿಚ್ಚುತ್ತಿದ್ದೆವು. ನಾನು ಮಳೆ ನಂಬಿದ ಸಂತೆಕಲ್ಲೂರಿನವಳು, ಅವಳು ಕಾಲುವೆ ನೀರಾವರಿಯ ತುರ್ವಿಹಾಳದವಳು. "ಕಾಲುವಿ ನೀರು ಕುಡದಾಕಿಗೆ ಸೊಕ್ಕು ಭಾಳ" ಎಂದು ನಾನು, "ಜ್ವಾಳ ತಿಂದಾಕಿಗೆ ಮಾತು ಭಾಳ" ಎಂದು ಅವಳು.

ನಾನು ಗುರುತು ಹಾಕಿಕೊಂಡಿದ್ದ ಭಾಷೆಗಳ ಹೆಸರು ಕೇಳಿ ಅವಳು ನಕ್ಕಳು. "ಯಾರ ಹೊಲಕ್ಕ ಹೋಗಬೇಕು ಅನ್ನೋದು ಗೊತ್ತಿಲ್ಲ, ಕುರಪಿ ಬೇಕೋ ಕುಡಗೋಲು ಬೇಕೋ ಅಂತ ಅಂಗಡ್ಯಾಗ ನಿಂತೀಯಲ್ಲ ಬೇ!"

ಅವಳಿಗೆ ಹೊಲ ಗೊತ್ತಿತ್ತು. ಅವಳ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ಕನ್ನಡ ಓದಿ ಹೇಳುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಅವಳು ಮನೆಯ ಕಂಪ್ಯೂಟರಿಗೆ ಹಾಕಿದ್ದಳು. ಅವರು ದಿನಾ ಪೇಪರ್ ಕೇಳುತ್ತಿದ್ದರು. ವಾಕ್ಯ ಉದ್ದವಾದರೆ ಮಾತ್ರ ಅದು ನಡುವೆಯೇ ಉಸಿರು ಕಟ್ಟಿ ನಿಲ್ಲುತ್ತಿತ್ತು. ಒಳಗೆ ತೆರೆದು ನೋಡಿದೆವು. ಪರದೆಯಿಂದ ಅಕ್ಷರ ಎತ್ತಿಕೊಳ್ಳುವ ಭಾಗ ಪೈಥಾನ್‌ನಲ್ಲಿತ್ತು, ದನಿ ಹೊರಡಿಸುವ ಭಾಗ ಸಿ ಭಾಷೆಯಲ್ಲಿತ್ತು. ಎರಡರಲ್ಲೂ ಕೆಲಸವಿತ್ತು.

"ಕಣ್ಣು ನಿಂದು, ಗಂಟಲು ನಂದು," ಅಂದಳು. "ಮುಯ್ಯಾಳು ಮಾಡೋಣು."

ಮುಯ್ಯಾಳು ಅಂದರೆ ಕೂಲಿಯಿಲ್ಲದ ಆಳು. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ತೆಗೆದರೆ, ನಾಳೆ ನೀನು ನನ್ನ ಹೊಲಕ್ಕೆ ಬಂದು ಮುಯ್ಯಿ ತೀರಿಸಬೇಕು. ನನ್ನವ್ವ ಮಾತ್ರ ಬೇಕೆಂದೇ ಅರ್ಧ ದಿನದ ಮುಯ್ಯಿ ಉಳಿಸಿಕೊಳ್ಳುತ್ತಿದ್ದಳು, ಪೂರ್ತಿ ತೀರಿದರೆ ಬಂದು ಹೋಗುವುದು ನಿಲ್ಲುತ್ತದೆ ಎಂದು. ಹೀಗೆ ಸುಲಭದ ಭಾಷೆ ನನ್ನ ಪಾಲಿಗೆ, ಕಷ್ಟದ್ದು ಅವಳ ಪಾಲಿಗೆ ಬಂತು. ಮೊದಲು ನನ್ನ ಕೆಲಸಕ್ಕೆ ಅವಳು ಬಂದಳು. ನಾನು ತಿದ್ದಿದ್ದನ್ನೆಲ್ಲ ಅಪ್ಪನ ಪಕ್ಕ ಕೂತು ಪರೀಕ್ಷೆ ಮಾಡಿದಳು, ತಪ್ಪಿದ್ದಲ್ಲಿ ಬೈದಳು, ಈ ಮುಯ್ಯಿಯ ಕಥೆ ಅವರಿಗೂ ಹೇಳಿ ನಗಿಸಿದಳು. ನನ್ನ ತಿದ್ದುಪಡಿಯನ್ನು ಸಾಫ್ಟ್‌ವೇರಿನವರು ಒಪ್ಪಿದರು. ಇನ್ನು ಅವಳ ಹೊಲಕ್ಕೆ ನಾನು ಹೋಗಬೇಕಿತ್ತು.

ಅಷ್ಟರಲ್ಲಿ ಅವಳಿಗೆ ಜ್ವರ ಅಂದರು. ಸಿಂಧನೂರಿನಿಂದ ರಾಯಚೂರಿಗೆ ಕರೆದೊಯ್ದರು ಅಂದರು. ಆಮೇಲೆ ಅವಳ ನಂಬರಿನಿಂದ ಫೋನು ಬಂತು, ಎತ್ತಿದರೆ ಅವಳ ಅಪ್ಪ ಅಳುತ್ತಿದ್ದರು. ಅವತ್ತಿನಿಂದ ನಾನು ದೇವರಿಗೆ ಕೈ ಮುಗಿದಿಲ್ಲ.

ಜ್ವರ ಬರುವ ಮೊದಲು ಅವಳು ಕಳಿಸಿದ್ದ ತಿದ್ದುಪಡಿ ಒಪ್ಪಿಗೆಯಾಗದೆ ಇನ್ನೂ ಅಲ್ಲೇ ಇತ್ತು. ಸಾಫ್ಟ್‌ವೇರ್ ನೋಡಿಕೊಳ್ಳುವವರು, ಯಾವುದೋ ದೇಶದವರು, ಅದರ ಕೆಳಗೆ ಅವಳಿಗೆ ಬರೆದಿದ್ದರು: ಚೆನ್ನಾಗಿದೆ, ಆದರೆ ಹೆಚ್ಚು ಹೊತ್ತು ಓದಿಸಿದರೆ ನಿಂತುಬಿಡುತ್ತದೆ, ಸರಿಪಡಿಸುವಿರಾ? ಸ್ವಲ್ಪ ದಿನ ಬಿಟ್ಟು: ಇದ್ದೀರಾ? ಆಮೇಲೆ: ಉತ್ತರ ಬಾರದಿದ್ದರೆ ಮುಚ್ಚಿಬಿಡುತ್ತೇವೆ. ಆ 'ಇದ್ದೀರಾ' ಓದಿ ನಾನು ಕ್ಲಾಸಿನಲ್ಲೇ ಅತ್ತೆ. ಅವಳಿಲ್ಲ, ನಾನು ಮಾಡುತ್ತೇನೆ, ಸಮಯ ಕೊಡಿ ಎಂದು ಬರೆದೆ.

ನನಗೆ ಸಿ ಬರುತ್ತಿರಲಿಲ್ಲ. ಈ ಕಾಲದಲ್ಲಿ ಸಿ ಯಾರು ಕಲೀತಾರೆ ಎಂದ ವಿಡಿಯೋದವನಿಗೆ "ನಿನ್ನ ಬಾಯಾಗ ಮಣ್ಣು ಹಾಕ" ಎಂದು ಬೈದು ಕಲಿಯಲು ಕೂತೆ. ನನ್ನ ಪೈಥಾನ್‌ನಲ್ಲಿ ಕೆಲಸಕ್ಕೆ ತೆಗೆದುಕೊಂಡ ಮೆಮೊರಿ ತಾನಾಗಿ ವಾಪಸು ಹೋಗುತ್ತದೆ. ಸಿ ಹಾಗಲ್ಲ, ತೆಗೆದುಕೊಂಡಿದ್ದನ್ನು ನೆನಪಿಟ್ಟು ನಾವೇ ಹಿಂದಿರುಗಿಸಬೇಕು. ಅವಳು ಒಂದು ಕಡೆ ಹಿಂದಿರುಗಿಸಿರಲಿಲ್ಲ. ಅದು ತುಂಬಿ ತುಂಬಿ ಓದು ನಿಲ್ಲುತ್ತಿತ್ತು. ಆ ಜಾಗ ಸಿಗುವವರೆಗೆ ಅವಳು ಬರೆದ ಸಾಲುಗಳ ನಡುವೆ ತಿಂಗಳುಗಟ್ಟಲೆ ಓಡಾಡಿದೆ. ಅಷ್ಟು ದಿನವೂ ಅವಳು ಎದುರಿಗೆ ಕೂತು ಮಿರ್ಚಿ ತಿನ್ನುತ್ತಿದ್ದಂತೆಯೇ ಇತ್ತು. ಕೆಲಸ ಮುಗಿಯದಿದ್ದರೆ ಸಾಕಪ್ಪ ಅನ್ನಿಸಿದ್ದೂ ಉಂಟು. ಕೊನೆಗೆ ಒಂದೇ ಸಾಲು ಸೇರಿಸಬೇಕಿತ್ತು. ಸೇರಿಸಿದೆ. ಒಪ್ಪಿದರು.

ಹೊಸದನ್ನು ಹಾಕಿಕೊಡಲು ತುರ್ವಿಹಾಳಕ್ಕೆ ಹೋದೆ. ಕಾಲುವೆಗೆ ನೀರು ಬಿಡುವ ಉದ್ದುದ್ದ ಸುದ್ದಿಯನ್ನು ಅದು ಎಲ್ಲೂ ಮುಗ್ಗರಿಸದೆ ಓದಿತು. ಅವಳ ಅಪ್ಪ ತಲೆ ಬಗ್ಗಿಸಿ ಕೇಳಿದರು, ಆಮೇಲೆ ನನ್ನ ಕೈ ಹುಡುಕಿ ಹಿಡಿದರು.

"ಆಕಿ ಮುಯ್ಯಿ ಮುಟ್ಟಿತವ್ವ. ಇನ್ನ ನಿನ್ನ ಮ್ಯಾಲೆ ಏನೂ ಇಲ್ಲ."

ಏನೂ ಇಲ್ಲದಿದ್ದರೆ ಈ ಮನೆಗೆ ಮತ್ತೆ ಯಾವ ನೆಪ ಹೇಳಿ ಬರಲಿ? "ಅಂಕಿ ಓದೋವಾಗ ಇನ್ನಾ ತೊದಲ್ತೈತ್ರೀ ಅಪ್ಪಾರ," ಎಂದು ಸುಳ್ಳು ಹೇಳಿದೆ. "ಮುಂದಿನ ಐತಾರ ಬಂದು ನೋಡ್ತೀನ್ರಿ."

ಅವರು ಪೇಪರಿನ ಧಾರಣೆ ಓದಿಸು ಅಂದರು. ಭತ್ತ, ಜೋಳ, ತೊಗರಿ, ಕಡಲೆ, ಒಂದೊಂದರ ದರವನ್ನೂ ಅದು ಸ್ಪಷ್ಟವಾಗಿ ಹೇಳುತ್ತ ಹೋಯಿತು. ಪುಟ ಮುಗಿಯಿತು.

"ಎಲ್ಲಿ ತೊದಲ್ತೈತವ್ವ? ಚಂದ ಓದಾಕತ್ತೈತಿ," ಅಂದರು. "ನನ್ನ ಮಗಳು ಕೆಲಸದಾಗ ಏನೂ ಬಾಕಿ ಇಟ್ಟಿಲ್ಲ."