ನೀಲಿ ಕುದುರೆಯ ಜಗಳ

ಹೊಸ ಆಟದ ಪೆಟ್ಟಿಗೆ ತೆರೆದರೆ ಮೊದಲು ಏಳುವುದು ವಾಸನೆ: ರಟ್ಟು, ಅಂಟು, ಹಸಿ ಬಣ್ಣ. ಈ ಭಾನುವಾರ ಅದರಲ್ಲಿ ಮೂಗಿಟ್ಟು ಕೂತಿದ್ದಾಗ ಹೆಂಡತಿ, "ಒಂದು ಹಳದಿ ಕಾಯಿ ಇಲ್ಲ ಕಣ್ರೀ. ಹೋಗಿ ಕೇಳಿ. ಪುಕ್ಕಟೆ ಕೊಟ್ರಾ?" ಎಂದಳು. ಹೋಗಿ ಕೇಳುವುದೆಂದರೆ ನನಗೆ ಆಗಿಬರದು. ನಾನೇ ಕಳೆದು ಬಂದೆನೆಂದು ಅಂಗಡಿಯವರು ಅಂದುಕೊಂಡರೆ? ಪೆಟ್ಟಿಗೆ ಕೊಂಡಿದ್ದ ಇಂದಿರಾನಗರದ ಅಂಗಡಿಗೆ ಹೊರಟವನಿಗೆ ದಾರಿಯುದ್ದಕ್ಕೂ ಶಾಹೀನ್ ಆಪಾ ನೆನಪು.

ಕೆಲವು ವರ್ಷಗಳ ಹಿಂದೆ ಶಿವಾಜಿನಗರದಲ್ಲಿ ಅವರದೊಂದು ಅಂಗಡಿಯಿತ್ತು. ಮಕ್ಕಳ ಆಟಿಕೆಯಲ್ಲ, ದೊಡ್ಡವರು ಗಂಟೆಗಟ್ಟಲೆ ಕೂತು ಆಡುವಂಥ ಆಟಗಳು. ಮಾರುವ ಪ್ರತಿ ಆಟದ ಒಂದು ಪೆಟ್ಟಿಗೆಯನ್ನು ಬಿಚ್ಚಿ ಹಿಂದಿನ ಮೇಜಿನ ಮೇಲಿಟ್ಟಿರುತ್ತಿದ್ದರು. ಯಾರು ಬೇಕಾದರೂ ಆಡಬಹುದು, ಕೊಳ್ಳಲೇಬೇಕೆಂದಿಲ್ಲ. ಗೆದ್ದವರು ಕಾಯಿ ಜೋಡಿಸಿಡಬೇಕು, ಸೋತವರು ಚಹಾ ತರಬೇಕು. ನಾನು ತಂದ ಚಹಾಕ್ಕೆ ಹಲಸೂರು ಕೆರೆ ತುಂಬುತ್ತಿತ್ತು.

ಗಿರಾಕಿಗಳು ಮನೆಯಲ್ಲಿ ಕಾಯಿ ಕಳೆದುಕೊಂಡು ಬಂದರೆ ಆಪಾ ಮೇಜಿನ ಪೆಟ್ಟಿಗೆಯಿಂದಲೇ ತೆಗೆದುಕೊಡುತ್ತಿದ್ದರು. ಮೇಜಿನಲ್ಲಿ ಆಡುವ ನಮಗೆ ಆ ಕಾಯಿಗಳ ಬದಲು ಅಂಗಿಗುಂಡಿ, ಹುಣಸೆಬೀಜ. "ಇದೇನಾಪಾ, ರಾಜನ ಜಾಗದಲ್ಲಿ ಗುಂಡಿ?" ಎಂದು ಒಮ್ಮೆ ಮೂತಿ ಉಬ್ಬಿಸಿದೆ. ಎದುರಿಗಿದ್ದ ಸೆಲ್ವಂ ನಕ್ಕರು. ಕಾರ್ಖಾನೆಯಿಂದ ನಿವೃತ್ತರು, ಹೆಂಡತಿ ತೀರಿಕೊಂಡ ಮೇಲೆ ಆ ಮೇಜನ್ನೇ ನಂಬಿದವರು. "ಏನ್ ಸಾರ್, ಇಷ್ಟು ವರ್ಷದಲ್ಲಿ ಇಲ್ಲಿ ಏನಾದ್ರೂ ತಗೊಂಡಿದ್ದೀರಾ? ನಿಮ್ದೇ ಜೋರು!"

ಒಂದು ಮಧ್ಯಾಹ್ನ ಮಾರತ್ತಹಳ್ಳಿಯ ಗಿರಾಕಿಯೊಬ್ಬ ಬಂದ. "ನೀಲಿ ಕುದುರೆ ಇಲ್ಲ ಇದ್ರಲ್ಲಿ. ದುಡ್ಡು ಕೊಟ್ಟಿಲ್ವಾ ನಾನು?" ಹಿಂದಿನ ವಾರ ಆಪಾ ಅವನೆದುರೇ ಪೆಟ್ಟಿಗೆ ತೆರೆದು ಎಲ್ಲ ಕಾಯಿಗಳನ್ನು ತೋರಿಸಿದ್ದನ್ನು ನಾವೆಲ್ಲ ಕಂಡಿದ್ದೆವು. ಆದರೂ ಅವರು ನಮ್ಮ ಆಟದ ನಡುವಿನಿಂದ ಸೆಲ್ವಂ ಅವರ ನೀಲಿ ಕುದುರೆಯನ್ನೇ ಎತ್ತಿ ಕೊಟ್ಟರು.

"ನೋಡಿದ್ರಾ! ನಂದನ್ನೇ ತೆಗೆದಿಟ್ಕೊಂಡಿದ್ರಿ!" ಅವನ ದನಿ ಬೀದಿಗೆ ಕೇಳಿತು. "ಸಾರಿ ಕೇಳಿ. ಇಲ್ಲಾಂದ್ರೆ ನಿಮ್ಮ ಅಂಗಡಿ ಬಗ್ಗೆ ಫೋನಲ್ಲಿ ಬರೆದು ಹಾಕ್ತೀನಿ."

ಆಪಾ ಸಾರಿ ಕೇಳಿದರು. ಅವನು ಹೋದ ಮೇಲೆ ಸೆಲ್ವಂ ಸಿಡುಕಿದರು: "ನೀವ್ಯಾಕಮ್ಮಾ ಕೇಳಿದ್ರಿ?"

"ಕುದುರೆ ಕೊಡುವಾಗ ಏನೂ ಅನ್ಸಿಲ್ಲ ಭಾಯಿ. ಕೊಟ್ಟಿದ್ದಕ್ಕೇ ಕಳ್ಳಿ ಆದ್ನಲ್ಲ." ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು, "ಈ ಮೇಜು ತೆಗೆದ್ಬಿಡ್ತೀನಿ. ಬಿಚ್ಚಿದ ಪೆಟ್ಟಿಗೆ ಇನ್ನು ಬೇಡ."

ಮುಂದಿನ ಭಾನುವಾರ ಮೇಜಿದ್ದ ಜಾಗದಲ್ಲಿ ಗಾಜಿನ ಕಪಾಟಿತ್ತು. ಸೆಲ್ವಂ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತರು. "ಬನ್ನಿ ಭಾಯಿ" ಎಂದು ಆಪಾ ಕರೆದರು. ಬಂದು ಕೂರುವುದೆಲ್ಲಿ? ಮತ್ತೆಂದೂ ಅವರನ್ನು ಆ ಬೀದಿಯಲ್ಲಿ ನಾನು ಕಾಣಲಿಲ್ಲ.

ಇಂದಿರಾನಗರ ಬಂತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹಾಕುತ್ತ ಬಾಗಿಲು ತಳ್ಳಿದೆ. ಗಲ್ಲಾದ ಹಿಂದೆ ಕೂತಿದ್ದ ಹೆಂಗಸು ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕಂಡದ್ದೇ ಎದ್ದು ನಿಂತಳು.

"ಸಾರಿ ಸಾರ್."

ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಯಾಕಮ್ಮಾ ಸಾರಿ?"

"ಏನೋ ಆಗಿರತ್ತೆ ಸಾರ್. ವಾಪಸ್ ತಂದಿದ್ದೀರಲ್ಲ. ವಾಪಸ್ ತಂದವ್ರೆಲ್ಲ ಬೈದೇ ಹೋಗ್ತಾರೆ."

"ಮೊದ್ಲು ಕೂತ್ಕೊಳ್ಳಿ ನೀವು" ಎಂದೆ. ಅವಳು ಕೂರಲಿಲ್ಲ.