ಶಿಲ್ಪಿಯ ಕೆಮ್ಮು

ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವುದಿಲ್ಲ. ಆದರೆ ನಡೆದದ್ದಂತೂ ನಿಜ. ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ.

ಎಂಬತ್ತರ ದಶಕ. ಓಕ್ಲೆಂಡ್‌ನ ಗುಡ್ಡದ ಮೇಲಿನ ಹಳೇ ಬಂಗಲೆಯೊಂದನ್ನು ವೃದ್ಧರ ನರ್ಸಿಂಗ್ ಹೋಮ್ ಮಾಡಿದ್ದರು. ನಾನಲ್ಲಿ ರಾತ್ರಿ ಪಾಳಿಯ ನರ್ಸ್. ಸಹಾಯಕ್ಕೆ ಧಾರವಾಡದ ಶಾಂತಕ್ಕ. ಆ ವಾರ ರಜೆಯೇ ಸಿಕ್ಕಿರಲಿಲ್ಲ. ಕಾಲುಗಳು ನನ್ನವಲ್ಲ ಅನ್ನಿಸುವಷ್ಟು ದಣಿವು.

ಕೆಳಗಿನ ಹಜಾರದಲ್ಲಿ, ಮಲಗಿದ ಹುಡುಗಿಯೊಬ್ಬಳ ಅಮೃತಶಿಲೆಯ ವಿಗ್ರಹವಿತ್ತು. ಅದನ್ನು ಕೆತ್ತಿದವನ ಕಥೆ ಹೇಳಿದ್ದು ನಮ್ಮಲ್ಲಿದ್ದ ಇಟಲಿಯ ಮುದುಕಿ ರೋಸಾ. ಹಿಂದಿನ ಶತಮಾನದವನು, ಅವಳ ಅಜ್ಜಿಯ ಊರಿನವನು. ಕಲ್ಲುಗಣಿಯ ಕೂಲಿಯ ಮಗ. ಸಿರಿವಂತರ ಸಮಾಧಿಗಳಿಗೆ ದೇವದೂತರನ್ನು ಕೆತ್ತಿ ಹೆಸರಾದ. ಆಮೇಲೆ ಇದ್ದೊಬ್ಬ ಮಗಳು ಜ್ವರದಲ್ಲಿ ತೀರಿಕೊಂಡಳು. ಅವಳನ್ನೂ ಕಲ್ಲಿನಲ್ಲಿ ಮಲಗಿಸಿದ. ಅಷ್ಟರಲ್ಲಿ ಕಲ್ಲಿನ ಧೂಳು ಅವನ ಎದೆಯನ್ನೇ ತಿಂದುಹಾಕಿತ್ತು. ಕೆಮ್ಮಿ ಕೆಮ್ಮಿಯೇ ಸತ್ತ. ಬಂಗಲೆಯ ಹಳೇ ಯಜಮಾನ ವಿಗ್ರಹವನ್ನು ಕೊಂಡು ಹಡಗಿನಲ್ಲಿ ತರಿಸಿದನಂತೆ.

ಅವತ್ತು ಕೊಲ್ಲಿಯಿಂದ ಮಂಜು ಏರಿ ಬಂದಿತ್ತು. ಮಹಡಿಯಲ್ಲಿ ಮಾತ್ರೆ ಜೋಡಿಸುತ್ತಿದ್ದೆ. ಕೆಳಗಿನಿಂದ ಕೆಮ್ಮು... ಒಣ ಕೆಮ್ಮು. ನಮ್ಮ ರೋಗಿಗಳ ಕೆಮ್ಮೆಲ್ಲ ನನಗೆ ಗುರುತು. ಇದು ಯಾರದ್ದೂ ಅಲ್ಲ.

"ನಿಮಗೂ ಕೇಳಸ್ತೇನ್ರೀ ಸಿಸ್ಟರ್?" ಶಾಂತಕ್ಕ ಪಿಸುಗುಟ್ಟಿದರು.

"ಕೇಳಿಸ್ತು. ಯಾರಾದ್ರೂ ಬೆಡ್ಡಿಂದ ಎದ್ದು ಹೋಗಿದಾರಾ, ನೋಡಿ ಬನ್ನಿ."

ಹೋದವರು ಓಡುತ್ತಲೇ ಬಂದರು. "ರೋಸಾ ಅಜ್ಜಿ ಹಾಸಿಗಿ ಖಾಲಿ ಅದರೀ!"

ವಾಕರ್ ಇಲ್ಲದೆ ಹೆಜ್ಜೆ ಇಡಲಾರದ ಮುದುಕಿ; ಮೆಟ್ಟಿಲಲ್ಲಿ ಬಿದ್ದರೆ ಉಳಿಯುವವಳಲ್ಲ. ಇಬ್ಬರೂ ಕೆಳಗೆ ಧಾವಿಸಿದೆವು.

ಹಜಾರದ ಕತ್ತಲಲ್ಲಿ ರೋಸಾ ನೆಟ್ಟಗೆ ನಿಂತಿದ್ದಳು. ಒಂದು ಕೈ ಮೇಲೆತ್ತಿ, ಯಾರಿಗೋ ದೀಪ ಹಿಡಿದವಳ ಹಾಗೆ. ಕೈ ಬರಿದಾಗಿತ್ತು. ಆಗತಾನೇ ಒಡೆದ ಕಲ್ಲಿನ ವಾಸನೆ... ವಿಗ್ರಹದ ಆಚೆ ಬದಿಯಿಂದ ಟಕ್... ಟಕ್... ಉಳಿಯ ಸದ್ದು. ಅಲ್ಲಿ ಯಾರೂ ಇರಲಿಲ್ಲ.

ಶಾಂತಕ್ಕ ಲೈಟ್ ಹಾಕಿದರು. ಸದ್ದು ನಿಂತಿತು. ರೋಸಾ ನನ್ನ ತೋಳಿನ ಮೇಲೆ ಕುಸಿದಳು. ಅವಳ ಕೂದಲಿನಲ್ಲಿ, ಭುಜದ ಮೇಲೆ ನುಣ್ಣನೆಯ ಬಿಳಿ ಧೂಳು. ವಿಗ್ರಹದ ಮೇಲೆ ಒಂದು ಗೀರೂ ಇಲ್ಲ.

ಹೊತ್ತು ತಂದು ಮಲಗಿಸಿದೆವು. ನಾಡಿ ಸರಿಯಿತ್ತು. ನಾನು ಹೊದಿಕೆ ಹೊದಿಸುವಾಗ ಕಣ್ಣು ತೆರೆದು, ತನ್ನ ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ ನನಗೆ ಹೇಳಿದಳು:

"ಪಾಪ, ತುಂಬಾ ದಣಿದಿದ್ದಾನೆ. ದೀಪ ಹಿಡಿಯಲು ಇನ್ನು ನನ್ನ ಕೈಲಾಗದು ಅಂದೆ. ಬೇರೆ ಯಾರಿದ್ದಾರೆ ಅಂತ ಕೇಳಿದ... ನಿನ್ನ ಹೆಸರು ಹೇಳಿದೆ."

ಬೆಳಗಾದ ಮೇಲೆ ಅವಳಿಗೆ ಏನೂ ನೆನಪಿರಲಿಲ್ಲ. ನಾನು ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ.

ಇಂದಿಗೂ ರಾತ್ರಿ ಹೊತ್ತು ಯಾರಾದರೂ ನನ್ನ ಹೆಸರನ್ನು ಒಂದೇ ಸಲ ಕರೆದರೆ ಓಗೊಡುವುದಿಲ್ಲ. ಸತ್ತವರು ಒಂದೇ ಸಲ ಕರೆಯುತ್ತಾರಂತೆ. ನಮ್ಮ ಮನೆಯವರೇ ಕರೆದರೂ ಸರಿ... ಎರಡನೇ ಸಲ ಕರೆಯಲಿ ಎಂದು ಕಾಯುತ್ತೇನೆ.