ಒಡೆದ ಸೋಲಾರ್ ಫಲಕಗಳೂ ಗಂಗಹನುಮಯ್ಯನ ಕುರಿಮಂದೆಯೂ

ಸಾವನದುರ್ಗದ ಮಗ್ಗುಲಲ್ಲಿ ಎರಡೆಕರೆ ರಾಗಿ ಹೊಲ, ನಲವತ್ತು ಕುರಿ ಇಟ್ಟುಕೊಂಡು ಬಾಳುತ್ತಿದ್ದ ಗಂಗಹನುಮಯ್ಯನಿಗೆ ಪುಕ್ಕಟೆ ಸಿಕ್ಕಿದ್ದನ್ನು ಬೇಡ ಅನ್ನುವ ರೂಢಿಯೇ ಇರಲಿಲ್ಲ. ಅರವತ್ತು ವರ್ಷದಲ್ಲಿ ಹರಕು ಟಾರ್ಪಾಲು, ಹಳೇ ಟೈರು, ಯಾವುದನ್ನೂ ಎಸೆದವನಲ್ಲ. 2009ರ ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಪಕ್ಕದ ಫಾರ್ಮ್‌ಹೌಸಿನ ಹನ್ನೆರಡು ಸೋಲಾರ್ ಫಲಕಗಳು ಬಿರುಕುಬಿಟ್ಟವು. ಬೇಕಾದರೆ ಒಯ್ಯಿ ಎಂದು ಅಲ್ಲಿನ ಮ್ಯಾನೇಜರ್ ಲೋಕೇಶ್ ಅಂದದ್ದೇ ತಡ, ಇವನು ಗಾಡಿ ಕಟ್ಟಿದ. ಆ ಕಪ್ಪು ಗಾಜಿನ ಹಲಗೆಗಳು ಕುರಿ ರೊಪ್ಪದ ಸೂರಿಗೆ ಹೇಳಿ ಮಾಡಿಸಿದಂತೆ ಕೂತವು. ಸೂರಿನ ಮಳೆನೀರು ಕುರಿ ಕುಡಿಯುವ ಕಲ್ಲುಬಾನಿಗೇ ಬೀಳುವಂತೆ ತಗಡಿನ ದೋಣಿಯನ್ನೂ ಕಟ್ಟಿಕೊಂಡು ಬೀಗಿದ.

ಮೊದಲ ಮಳೆಯಾದ ವಾರಕ್ಕೆ ಪಂಪಿನ ಸ್ಟಾರ್ಟರ್ ರಿಪೇರಿಗೆ ಬಂದ ಮಾಗಡಿಯ ಶರೀಫ್ ಸೂರು ನೋಡಿ ನಿಂತುಬಿಟ್ಟ. ಏಣಿ ಹತ್ತಿ, ಫಲಕದ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿ ಇಳಿದ.

'ಗಂಗಣ್ಣ, ಇದು ಎಲ್ಲಾ ಕಡೆ ಇರೋ ಅಂಥ ಸೋಲಾರ್ ಅಲ್ಲ. ಎರಡು ಗಾಜಿನ ಮಧ್ಯೆ ಅರಿಶಿನ ಸವರ್ದಂಗೆ ತೆಳ್ಳಗೆ ಒಂದು ಲೇಪ ಐತೆ. ಅದ್ರಾಗೆ ಕ್ಯಾಡ್ಮಿಯಂ ಅಂತ ವಿಷ. ಗಾಜು ನೆಟ್ಟಗಿದ್ರೆ ಏನೂ ಇಲ್ಲ. ಒಡೆದ ಮೇಲೆ ಮಳೆ ನೀರ್ನಾಗೆ ಒಸಿ ಒಸಿ ಇಳೀತದೆ. ಆ ನೀರು ಕುರಿಗೆ ಕುಡಿಸ್ಬ್ಯಾಡಿ.'

ಹದಿನೆಂಟು ಕುರಿ ಗಬ್ಬವಾಗಿದ್ದವು. ಗಂಗಹನುಮಯ್ಯ ಬಾನಿ ಉರುಳಿಸಿ ತೊಳೆದ, ಫಲಕಗಳನ್ನು ಇಳಿಸಿದ. ಇಳಿಸಿ ಇಡುವುದೆಲ್ಲಿ? ಹೊಲದಲ್ಲಿ ಹೂತರೆ ಮತ್ತೆ ನೀರಿಗೇ ಸೇರುತ್ತದೆ ಎಂದು ಶರೀಫ್ ತಡೆದಿದ್ದ. ಗುಜರಿ ರಸೂಲ್ ತಿರುಗಿಸಿ ಮುರುಗಿಸಿ ನೋಡಿ, ಅಲ್ಯುಮಿನಿಯಂ ಚೌಕಟ್ಟೂ ಇಲ್ಲದ ಈ ಗಾಜನ್ನು ನಾನು ಕೊಂಡರೆ ನನ್ನಿಂದ ಕೊಳ್ಳುವವನು ಯಾರು ಎಂದು ನಕ್ಕು ಸೈಕಲ್ ಹತ್ತಿದ. ಪಂಚಾಯ್ತಿಯವರು ಇಂಥ ಕಸಕ್ಕೆ ತಮ್ಮಲ್ಲಿ ಜಾಗವಿಲ್ಲ ಅಂದರು. ಲೋಕೇಶ್ ಫಲಕ ಮಾರಿದ್ದ ಅಂಗಡಿಯವನನ್ನು ತೋರಿಸಿದ. ಅಂಗಡಿಯವನು ಮಾಡಿದ ಕಂಪನಿ ಹೊರದೇಶದ್ದು ಅಂದ. ಅಷ್ಟರಲ್ಲಿ ಆ ಹನ್ನೆರಡೂ ಮನೆಯ ಜಗಲಿ ಹಿಡಿದಿದ್ದವು. ಹೆಂಡತಿ ಪುಟ್ಟಲಕ್ಷ್ಮಮ್ಮನ ಕಾಲಿಗೆ ದಿನಕ್ಕೆರಡು ಸಲ ತಗಲುತ್ತಿದ್ದವು.

'ಸೂರ್ಯನ್ನೇ ಕರ್ಕಂಬಂದು ಜಗಲಿ ಮ್ಯಾಲೆ ಕೂರಿಸವ್ನೆ ನನ್ ಗಂಡ,' ಎಂದು ಬಂದವರಿಗೆಲ್ಲ ಹೇಳಿದಳು.

ಅವನ ತಾಳ್ಮೆ ತಪ್ಪಿದ್ದು ಆಗ. ಆ ಸೀಮೆಯಲ್ಲಿ ಹೊಲದವರು ಕರೆದು, ಊಟವಿಕ್ಕಿ, ತಮ್ಮ ನೆಲದಲ್ಲಿ ಕುರಿಮಂದೆ ಕೂರಿಸಿಕೊಳ್ಳುತ್ತಾರೆ. ಹಿಕ್ಕೆ ಗೊಬ್ಬರವಾಗಲಿ ಎಂದು. ಕರೆಯದ ಕಡೆ ಮಂದೆ ಕೂರಿಸುವುದು ಕುರಿಯವನಿಗೆ ಅವಮಾನ. ಗಂಗಹನುಮಯ್ಯ ಆ ಅವಮಾನವನ್ನೂ ನುಂಗಿ, ಶನಿವಾರ ಮಧ್ಯಾಹ್ನ ನಲವತ್ತೂ ಕುರಿಗಳನ್ನು ಫಾರ್ಮ್‌ಹೌಸಿನ ಗೇಟಿನ ಮುಂದೆ, ಕತ್ತರಿ ಹಾಕಿ ಬೆಳೆಸಿದ್ದ ಹುಲ್ಲಿನ ಮೇಲೆ ಕೂರಿಸಿದ. ಬೆಂಗಳೂರಿನ ಕಾರುಗಳು ಸಾಲಾಗಿ ನಿಂತವು. ಲೋಕೇಶ್ ಓಡಿ ಬಂದ.

'ಏನ್ ಗಂಗಣ್ಣ ಇದು? ಗೆಸ್ಟುಗಳು ಬಂದವ್ರೆ.'

'ಬರ್ಲಿ. ನಿಮ್ ಹುಲ್ಲಿಗೆ ಗೊಬ್ಬರ ಕೊಡ್ತಾ ಇವ್ನಿ, ಪುಕ್ಕಟೆ. ನೀವು ನಂಗೆ ಗಾಜು ಕೊಡ್ನಿಲ್ವಾ, ಹಂಗೆ.'

'ಈಗೇನ್ ಮಾಡ್ಬೇಕು ಹೇಳಿ.'

'ಗಾಡಿ ಹಿಂದ್ಗಡೆ ನಿಂತದೆ. ಇಳಿಸ್ಕಳಿ. ಮಾಡ್ದೋರು ಬಂದು ತಗಂಡೋಗಾಗಂಟ ಮಳೆ ಬೀಳದ ಕಡೆ ಇಡಿ.'

ಫಲಕಗಳು ಜನರೇಟರ್ ಶೆಡ್ಡು ಸೇರಿದ ಮೇಲೇ ಕುರಿಗಳು ಎದ್ದವು. ಮರಿಗಳು ಗಟ್ಟಿಮುಟ್ಟಾಗಿ ಹುಟ್ಟಿದವು. ಮಾಡಿದವರು ಮಾತ್ರ ಇನ್ನೂ ಬಂದಿಲ್ಲ. ಮೋಡ ಕವಿದರೆ ಸಾಕು, ಗಂಗಹನುಮಯ್ಯ ಮಂದೆಯನ್ನು ಹೆಂಡತಿಗೆ ಒಪ್ಪಿಸಿ ಆ ಶೆಡ್ಡಿನ ಕಡೆ ನಡೆಯುತ್ತಾನೆ. ಮೊನ್ನೆ ಒಂದು ಹೆಂಚು ಸರಿದಿತ್ತು. ಲೋಕೇಶನನ್ನು, ಕಂಪನಿಯನ್ನು, ಕೊನೆಗೆ ತನ್ನನ್ನೂ ಬೈದುಕೊಂಡು ತಾನೇ ಏಣಿ ಹತ್ತಿ ಸರಿಮಾಡಿ ಬಂದ.